ಗೂಡಾಗುವವರೆಗೆ

ಬಿಡದಿಯ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಾವು ಮೂವರು ಚನ್ನಪಟ್ಟಣದ ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಓನರು ಹೊಂಗನೂರಿನ ರೇಷ್ಮೆ ಬೆಳೆಗಾರರು. ಸೋರುವ ಜಾಗ ತೋರಿಸಿದರೆ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತಾ, "ಈ ಸಲ ಗೂಡಾಗ್ಲಿ ಕಣ್ರಪ್ಪ, ಎಂಚು ಕೈಯಾಡಿಸ್ಬುಡನ" ಎನ್ನುತ್ತಿದ್ದರು. ಎಷ್ಟೋ ಸಲ ಗೂಡಾಯಿತು, ರಾಮನಗರದ ಮಾರ್ಕೆಟ್ಟಿಗೂ ಹೋಯಿತು. ಹೆಂಚು ಮಾತ್ರ ಅಲ್ಲಾಡಲಿಲ್ಲ.

ಒಂದು ಮಳೆಗೆ ಹಾಸಿಗೆಯೇ ನೆನೆದುಹೋದಾಗ, ಜಗಳ ಮಾಡಿಯೇ ಬರೋಣವೆಂದು ಮೂವರೂ ಅವರ ಊರಿನ ಬಸ್ಸು ಹತ್ತಿದೆವು. ಅವರು ಬಾಗಿಲಲ್ಲೇ ತಡೆದರು. "ಉಳ ಜ್ವರಕ್ಕೆ ಕೂತವೆ. ಒಸಿ ಮೆತ್ತಗೆ ಮಾತಾಡ್ರಪ್ಪ."

ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಗದ್ದಲ ಕೂಡದು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಪಿಸುಮಾತಿನಲ್ಲೇ ಬೈದೆವು. ಅವರೂ ಪಿಸುಮಾತಿನಲ್ಲೇ ಒಪ್ಪಿಕೊಂಡರು.

ಒಳಗೆಲ್ಲ ಹುಳದ ತಟ್ಟೆಗಳು. ಗಂಡಹೆಂಡಿರ ಮಂಚ ಹೊರಗೆ, ಜಗಲಿಗೆ ಕಟ್ಟಿದ ನೀಲಿ ಟಾರ್ಪಾಲಿನ ಕೆಳಗಿತ್ತು. ನಾವು ಹೊರಟಾಗ ಅವರು ಆ ಟಾರ್ಪಾಲನ್ನೇ ಬಿಚ್ಚಿ, ಮಡಿಸಿ, ನನ್ನ ಕೈಗಿಟ್ಟರು.

"ಗೂಡಾಗೋಗಂಟ ಇದ ಒದಿಸ್ಕಳಿ."

"ನಿಮ್ಗೆ?"

"ನಮ್ಗೆ ಮಲ್ಗಕ್ಕೆ ಟೈಮ್ ಎಲ್ಲೈತಪ್ಪ? ಉಳ ಎದ್ರೆ ಸೊಪ್ಪು ಆಕ್ಬೇಕು."

ಬೇಡವೆನ್ನಬೇಕಿತ್ತು. ತಂದು ಹೆಂಚಿನ ಮೇಲೆ ಹೊದಿಸಿದೆವು. ಮತ್ತೆ ಮಳೆ ಹಿಡಿದ ದಿನ ಮನೆ ಒಂದು ಹನಿಯೂ ಸೋರಲಿಲ್ಲ. ಒಣ ಹಾಸಿಗೆಯ ಮೇಲೆ ಕೂತು ನಾವು ಮೂವರೂ, ಯಾಕೋ, ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು.