ಊರಿನ ಮೇಲಿಂದಲೇ ವಾಪಸಾದ ಸವರಿಮುತ್ತು

ಮೈಸೂರಿನ ಲಷ್ಕರ್ ಮೊಹಲ್ಲಾದ ಸವರಿಮುತ್ತು ಹಳೇ ಮೇಜು, ಬೀರುಗಳಿಗೆ ಪಾಲಿಶ್ ಹಾಕಿಕೊಂಡು ಬದುಕಿದವರು. ತಾಯಿ ತೀರಿಕೊಂಡಾಗ ಅವರಿನ್ನೂ ಕೈಗೂಸು. ಎತ್ತಿ ಆಡಿಸಿ, ಉಣಿಸಿ, ಕೊನೆಗೆ ಮದುವೆಯನ್ನೂ ಮಾಡಿದವಳು ಅಕ್ಕ ಅಂತೋಣಮ್ಮ. ಅರವತ್ತು ದಾಟಿದ ಮೇಲೂ ಅಕ್ಕ ಗದರಿದರೆ ಅವರು ಎದುರಾಡುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು ಸಿಲ್ವಿಯಾಗೆ ಹೆರಿಗೆಯಾಯಿತೆಂದು ಚೆನ್ನೈಗೆ ಹೋಗಿದ್ದರು. ಅಲ್ಲಿಗೆ ಒಂದು ಬೆಳಿಗ್ಗೆ ಅಕ್ಕನ ಮಗ ಡೇವಿಡ್ ಫೋನ್ ಮಾಡಿದ.

"ಮಾಮ, ಅವ್ವ ಹೋಗ್ಬುಟ್ರು."

ಬಹಳ ದಿನದಿಂದ ಕಿಡ್ನಿ ಕೆಟ್ಟಿತ್ತು. ಮೈಯೆಲ್ಲ ಊದಿಕೊಂಡಿದೆ, ನಾಳೆವರೆಗೆ ಇಡೋಕಾಗಲ್ಲ, ಸಾಯಂಕಾಲ ನಾಲ್ಕಕ್ಕೆ ಮಣ್ಣು ಮಾಡ್ತೀವಿ ಅಂದ.

ಮೈಸೂರು ಅಲ್ಲಿಂದ ಹತ್ತಿರ ಹತ್ತಿರ ಐನೂರು ಕಿಲೋಮೀಟರ್. ಕಾರಿನಲ್ಲಿ ಹೊರಟರೂ ನಾಲ್ಕಕ್ಕೆ ಮುಟ್ಟುವುದು ಅನುಮಾನ. "ಮಧ್ಯಾಹ್ನ ಫ್ಲೈಟ್ ಇದೆ, ಒಂದೂವರೆ ಗಂಟೆ ಅಷ್ಟೇ. ಮೂರರೊಳಗೆ ಮನೇಲಿರ್ತೀರ" ಎಂದು ಅಳಿಯ ರಾಬರ್ಟ್ ಟಿಕೆಟ್ ಮಾಡಿಸಿದ. ಸವರಿಮುತ್ತು ಅಲ್ಲಿವರೆಗೆ ವಿಮಾನ ಹತ್ತಿದವರಲ್ಲ. ಆದರೂ ಭಯವಾಗಲಿಲ್ಲ. ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದರು.

ಮೈಸೂರಿನ ಮೇಲೆ ಬಂದಾಗ ಕಪ್ಪು ಮೋಡ ಕವಿದಿತ್ತು. ವಿಮಾನ ಕುಲುಕಾಡುತ್ತ ಸುತ್ತು ಹೊಡೆಯಿತು. ಮೋಡದ ಸಂದಿಯಲ್ಲಿ ಒಮ್ಮೆ ಚಾಮುಂಡಿ ಬೆಟ್ಟ ಕಂಡಿತು, ಅದರಾಚೆ ಊರಿನ ಮನೆಗಳು. ಆ ಮನೆಗಳ ನಡುವೆ ಎಲ್ಲೋ ಅಕ್ಕನನ್ನು ಮಲಗಿಸಿದ್ದರು. ಆಮೇಲೆ ಮೈಕಿನಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿದರು. ವಿಮಾನ ವಾಲಿತು. ಬೆಟ್ಟ ಹಿಂದಕ್ಕೆ ಹೋಯಿತು.

"ಏನಮ್ಮ, ಯಾಕೆ ತಿರುಗಿಸ್ತಾ ಇದಾರೆ?"

"ಜೋರು ಮಳೆ ಸರ್, ಇಳಿಸೋಕಾಗಲ್ಲ. ವಾಪಸ್ ಚೆನ್ನೈಗೆ" ಎಂದಳು ಗಗನಸಖಿ.

"ಇಲ್ಲೇ ಕೆಳಗಡೆನೇ ಕಣಮ್ಮ ನಮ್ಮೂರು. ನಮ್ಮಕ್ಕನ್ನ ಮಣ್ಣು ಮಾಡ್ತಾ ಇದಾರೆ. ಸ್ವಲ್ಪ ಹೊತ್ತು ಕಾಯೋಕೆ ಹೇಳಮ್ಮ."

ಅವಳು ಅವರ ಭುಜ ಮುಟ್ಟಿದಳು. "ನಮ್ಮ ಕೈಲಿ ಏನೂ ಇಲ್ಲ ಸರ್" ಅಂದಳು. ನೀರು ತಂದುಕೊಟ್ಟಳು. ಅವರು ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದರು.

ಚೆನ್ನೈನಲ್ಲಿ ಇಳಿದು ಫೋನ್ ಮಾಡಿದಾಗ ಡೇವಿಡ್‌ನ ಮಾತಿನ ಹಿಂದೆ ಜನರ ಸದ್ದಿತ್ತು. "ಇಲ್ಲಿ ಮಳೆ ಬೇಗ ನಿಂತೋಯ್ತು ಮಾಮ. ನಿಮ್ಮ ಫೋನ್ ಸಿಗ್ಲಿಲ್ಲ. ಫಾದರ್‌ನ ಆದಷ್ಟು ನಿಲ್ಲಿಸಿಕೊಂಡೆ. ಈಗ ತಾನೇ ಮುಗೀತು."

ಆ ರಾತ್ರಿಯ ರೈಲಿನಲ್ಲಿ ನಿಂತೇ ಬಂದರು. ಬೆಳಿಗ್ಗೆ ಸ್ಟೇಷನ್ನಿನಿಂದ ನೇರ ಸ್ಮಶಾನಕ್ಕೆ ಹೋದರು. ಡೇವಿಡ್ ಗೇಟಿನಲ್ಲಿ ಕಾದಿದ್ದ. ಗೋರಿಯ ಮೇಲೆ ಹೂವೆಲ್ಲ ಬಾಡಿತ್ತು. ಸವರಿಮುತ್ತು ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ತೆಗೆದುಕೊಂಡರು. ನಿನ್ನೆ ಶವಪೆಟ್ಟಿಗೆಯ ಮೇಲೆ ಹಾಕಬೇಕಾಗಿದ್ದ ಮಣ್ಣು. ಈಗ ಎಲ್ಲಿ ಹಾಕುವುದೆಂದು ತಿಳಿಯದೆ ನಿಂತರು.

"ಊರ ಮೇಲಕ್ಕೇ ಬಂದಿದ್ದೆ ಕಣೋ" ಅಂದರು. "ನಮ್ಮ ಬೆಟ್ಟ ಕಾಣಿಸ್ತು."

"ಗೊತ್ತು ಮಾಮ. ಹಾಕಿ, ಮೇಲೇ ಹಾಕಿ."

ಹಾಕಿದರು. ಅಂಟಿದ ಮಣ್ಣು ಬೆರಳಿನಿಂದ ಪೂರ್ತಿ ಉದುರಲಿಲ್ಲ. ಡೇವಿಡ್ ತನ್ನ ಕರವಸ್ತ್ರ ಕೊಡಲು ಬಂದ. ಬೇಡವೆಂದು ತಲೆಯಾಡಿಸಿ ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು, ಬಿಸಿಲು ಏರುವವರೆಗೂ ಏಳಲಿಲ್ಲ.