ಸ್ಟ್ಯಾಂಡಿನ ಜೋಡಿ ಟೈರು

ಅರಕಲಗೂಡಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ರೂಲ್ಸು ಹುಲಿಯಪ್ಪ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೇ ಅನ್ನುವ ಧೈರ್ಯ ಇದ್ದದ್ದು ನನಗೊಬ್ಬನಿಗೆ. ನಾನು ಈಶ್ವರಯ್ಯ, ಸ್ಟ್ಯಾಂಡಿನ ಮುಂದಿನ ಟೈಲರ್ ಅಂಗಡಿಯವನು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರಿಗೆಲ್ಲ ಗೊತ್ತು. ಬ್ಲೌಸು ಯಾಕೆ ತಡ ಆಯಿತು ಅಂತ ಕೇಳುವ ಹೆಂಗಸರೂ ಮೆಟ್ಟಿಲ ಕೆಳಗೇ ನಿಂತು ಕೇಳುತ್ತಾರೆ.

ಹುಲಿಯಪ್ಪ ಕೊಣನೂರು ಕಡೆಯವನು. ಬೇಸಾಯದ ಮನೆಯಲ್ಲಿ ಹುಟ್ಟಿ, ರೈಸ್ ಮಿಲ್ಲಿನ ಲಾರಿಯಲ್ಲಿ ಕ್ಲೀನರ್ ಆಗಿ, ಸ್ಟೇರಿಂಗ್ ಕಲಿತು, ಕಡೆಗೆ ಒಂದು ಹಳೇ ಅಂಬಾಸಿಡರಿನ ಒಡೆಯನಾದ. ಹಾರ್ನ್ ಹೊಡೆಯುವುದಕ್ಕೂ ಅವನಲ್ಲಿ ರೂಲ್ಸಿತ್ತು. ಶಾಲೆ ಮುಂದೆ ಹೊಡೆಯಬಾರದು, ಹೆಣ ಹೋಗುವಾಗ ಹೊಡೆಯಬಾರದು, ದನಕ್ಕಂತೂ ಹೊಡೆಯಲೇಬಾರದು. ಎಮ್ಮೆ ರಸ್ತೆಗೆ ಅಡ್ಡ ನಿಂತರೆ ಇಳಿದು ಹೋಗಿ ಬೆನ್ನು ತಟ್ಟಿ ದಾಟಿಸುತ್ತಿದ್ದ. ಅಷ್ಟು ಹೊತ್ತೂ ಹಿಂದಿನ ಸೀಟಿನ ಮದುವೆ ಗಂಡು ಪೇಟ ಸರಿ ಮಾಡಿಕೊಳ್ಳುತ್ತಾ ಕೂತಿರಬೇಕು.

ಟೈರಿನ ರೂಲ್ಸು ಮಾಡಿದವನೂ ಅವನೇ. ತೊಂಬತ್ತರ ಸುಮಾರಿನಲ್ಲಿ ಸ್ಟ್ಯಾಂಡಿನಲ್ಲಿದ್ದವು ನಾಲ್ಕು ಕಾರು. ನಾಲ್ಕರ ಟೈರೂ ಸವೆದು ನನ್ನ ತಲೆಯಂತೆ ಬೋಳಾಗಿದ್ದವು. ಒಂದು ಸಲ ಪಾಲಾಕ್ಷ ಅನ್ನುವ ಎಳೆಯ ಡ್ರೈವರ್ ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಮುಂದಿನ ಟೈರು ಒಡೆದು, ಕಾರು ತಡೆಗೋಡೆಗೆ ಗುದ್ದಿ ನಿಂತಿತು. ಗೋಡೆ ಇಲ್ಲದಿದ್ದರೆ ಐದು ಜನರ ಕಥೆ ಮುಗಿದಿತ್ತು. ಆಮೇಲೆ ಹುಲಿಯಪ್ಪ ಉಳಿದ ಮೂವರನ್ನೂ ಒಪ್ಪಿಸಿ, ನಾಲ್ವರಿಗೂ ಸೇರಿದಂತೆ ಎರಡು ಹೊಸ ಟೈರು ತರಿಸಿದ. ಯಾರಿಗೆ ಘಾಟಿ ಟ್ರಿಪ್ಪು ಬರುತ್ತದೋ ಅವರ ಮುಂದಿನ ಗಾಲಿಗೆ ಆ ಜೋಡಿ ಹಾಕಬೇಕು. ವಾಪಸು ಬಂದ ಮೇಲೆ ಬಿಚ್ಚಿ ಇಡಬೇಕು. ಊರ ಸುತ್ತಿನ ಮಟ್ಟ ರಸ್ತೆಗೆ ಅವರವರ ಹಳೇ ಟೈರೇ ಸಾಕು.

ಬಿಚ್ಚಿದ್ದನ್ನು ಎಲ್ಲಿ ಇಡಬೇಕು? ನನ್ನ ಅಂಗಡಿಯಲ್ಲಿ! ಬಟ್ಟೆ ಕತ್ತರಿಸುವ ಟೇಬಲ್ಲಿನ ಕೆಳಗೆ. ಹೊಸ ರೇಷ್ಮೆ ಬ್ಲೌಸಿಗೆಲ್ಲ ರಬ್ಬರಿನ ವಾಸನೆ. ಇದೇನು ಟೈಲರ್ ಅಂಗಡಿಯೋ ಪಂಚರ್ ಅಂಗಡಿಯೋ ಅಂತ ನಾನು ಕೂಗಾಡಿದೆ. ಹುಲಿಯಪ್ಪ ನಗುತ್ತಾ ಬೆಂಚಿನ ಮೇಲೆ ಕೂತು ಒಂದು ಟೀ ಹೇಳಿದ. ಅವನ ನಗು ನೋಡಿದರೆ ಬೈಯುವುದಕ್ಕೆ ಬಾಯಿ ಬರುತ್ತಿರಲಿಲ್ಲ, ಹಾಳಾದ್ದು.

ಅವನಿಗೂ ಅವನ ಹೆಂಡತಿ ಕೃಷ್ಣಮ್ಮನಿಗೂ ಒಬ್ಬಳೇ ಮಗಳು, ಯಮುನಾ. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದಳು. ಮಾತಾಡುತ್ತಾ ನಿಂತಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ, ನನ್ನ ಅಂಗಡಿಯ ಟೇಬಲ್ಲಿನ ಮೇಲೆ ಟಕಟಕ ಅನ್ನಿಸುತ್ತಿದ್ದಳು. ತಾಯಿ ಮಗಳು ಗೆಳತಿಯರ ಹಾಗಿದ್ದರು. ಒಂದೇ ಬಟ್ಟೆ ತಂದು ಇಬ್ಬರಿಗೂ ಒಂದೇ ಥರ ಬ್ಲೌಸು ಹೊಲಿಸುತ್ತಿದ್ದರು. ಆ ಮನೆಯಲ್ಲಿ ಕೃಷ್ಣಮ್ಮನ ಗಂಟಲೇ ದೊಡ್ಡದು. ಗಂಡನಿಗೆ ಆಕೆ ಬೈಯುವುದು ನಾಲ್ಕು ಮನೆಯಾಚೆಗೂ ಕೇಳುತ್ತಿತ್ತು, ಹುಲಿಯಪ್ಪ ಅದನ್ನು ಕೇಳಿಕೊಂಡೇ ಹೊಟ್ಟೆ ತುಂಬ ಉಣ್ಣುತ್ತಿದ್ದ.

ತೊಂಬತ್ನಾಲ್ಕರಲ್ಲಿ ಯಮುನಾಳ ಪರೀಕ್ಷೆ ಹಾಸನದಲ್ಲಿ ಬಿತ್ತು. ಆಗೆಲ್ಲ ಟೈಪಿಂಗ್ ಪರೀಕ್ಷೆಗೆ ಮಿಷಿನ್ನನ್ನೂ ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಕಬ್ಬಿಣದ ಗುಂಡಿನಂಥ ಭಾರ. ಬಸ್ಸಿನಲ್ಲಿ ಕುಲುಕಿದರೆ ಅಕ್ಷರದ ಕಡ್ಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಮಗಳು ಅಂದಳು. ನಮ್ಮ ಕಾರಿರೋದು ಯಾಕೆ ಅಂತ ಅಪ್ಪ ಅಂದ. ಬೆಳಿಗ್ಗೆ ಮಿಷಿನ್ನನ್ನು ಹಿಂದಿನ ಸೀಟಿನಲ್ಲಿ ಹಳೇ ಜಮಖಾನ ಹಾಸಿ ಕೂರಿಸಿದರು. ಪಕ್ಕದಲ್ಲಿ ಅದನ್ನು ಹಿಡಿದುಕೊಂಡು ಯಮುನಾ ಕೂತಳು.

ಅವತ್ತೇ ಪಾಲಾಕ್ಷನಿಗೆ ಧರ್ಮಸ್ಥಳದ ಟ್ರಿಪ್ಪು. ಜೋಡಿ ಟೈರು ಅವನ ಕಾರಿಗೆ ಏರಿತ್ತು, ಹೋಗುವವರು ಇನ್ನೂ ಬಂದಿರಲಿಲ್ಲ. ಹುಲಿಯಪ್ಪನ ಮುಂದಿನ ಟೈರಿನಲ್ಲಿ ರಬ್ಬರು ಸವೆದು ಒಳಗಿನ ಬಟ್ಟೆಯ ಎಳೆ ಇಣುಕುತ್ತಿದ್ದದ್ದು ಪಾಲಾಕ್ಷನ ಕಣ್ಣಿಗೆ ಬಿತ್ತು. ಓಡಿ ಬಂದ.

"ಅಣ್ಣಾ, ಬಿಚ್ಚಿ ಕೊಟ್ಬುಡ್ತೀನಿ ಇರು. ಮಗೀನ ಬಿಟ್ಟು ಬಾ, ಆಮೇಲೆ ನಾ ಒಂಟೋಯ್ತೀನಿ. ಅವ್ರು ಕಾಯ್ತಾರೆ."

"ಬ್ಯಾಡ ಕಣ್ಲಾ," ಅಂದ ಹುಲಿಯಪ್ಪ. "ನಿಂದು ಘಾಟಿ, ನಂದು ಮಟ್ಟದ ರಸ್ತೆ. ನನ್ ಮಗಳು ಅಂತ ನಾನೇ ರೂಲ್ಸು ಮುರುದ್ರೆ ನಾಳೆ ಯಾರ್ಲಾ ಕೇಳ್ತಾರೆ?"

ನಾನು ಅಂಗಡಿ ಬಾಗಿಲು ತೆಗೆಯುತ್ತಾ ಇದನ್ನು ಕೇಳಿದೆ. ಆಗ ಅದು ಸರಿಯಾದ ಮಾತೇ ಅನ್ನಿಸಿತು. ಈಗಲೂ ಅದರಲ್ಲಿ ತಪ್ಪು ಹುಡುಕಲು ಹೋಗಿ ಸೋಲುತ್ತೇನೆ, ಸೋತು ಸಿಟ್ಟಾಗುತ್ತೇನೆ.

ಗೊರೂರು ದಾಟಿದ ಮೇಲೆ ಮಟ್ಟದ ರಸ್ತೆಯಲ್ಲೇ ಎಡಗಡೆಯ ಮುಂದಿನ ಟೈರು ಒಡೆಯಿತು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಡಕ್ಕೆ ತಿರುಗಿತಂತೆ. ಎಷ್ಟು ಎಳೆದರೂ ಕಾರು ಮಾತು ಕೇಳದೆ ರಸ್ತೆ ಬಿಟ್ಟು ಇಳಿಯಿತು, ಹಳ್ಳದಲ್ಲಿ ಒಂದು ಸುತ್ತು ಮಗುಚಿ ಹೊಂಗೆ ಮರಕ್ಕೆ ತಾಗಿ ನಿಂತಿತು. ಹುಲಿಯಪ್ಪನಿಗೆ ಕೈ ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಹಿಂದಿದ್ದ ಮಿಷಿನ್ನು ಮಾತ್ರ ಆ ಹುಡುಗಿಯ ಎದೆಯ ಮೇಲೆ ಬಿದ್ದಿತ್ತು. ಹಾಲಿನ ವ್ಯಾನಿನವರು ನಿಲ್ಲಿಸಿ ಇಬ್ಬರನ್ನೂ ಹತ್ತಿಸಿಕೊಂಡರು. ಅಪ್ಪನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಯಮುನಾ ದಾರಿಯುದ್ದಕ್ಕೂ ಏನೋ ಮಾತಾಡುತ್ತಲೇ ಇದ್ದಳು ಅಂತ ವ್ಯಾನಿನವನು ಆಮೇಲೆ ಹೇಳಿದ. ಇಂಜಿನ್ ಸದ್ದಿಗೆ ಅವನಿಗೇನೂ ಕೇಳಿಸಿರಲಿಲ್ಲ. ಹಾಸನ ಇನ್ನೂ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಆ ಮಾತು ನಿಂತುಹೋಯಿತು.

ಅಯ್ಯೋ, ಆ ಮಗುವಿನ ಬೆರಳುಗಳು. ನಾನು ಅತ್ತೆ. ಅಳಬಾರದು ಅಂದುಕೊಂಡಿದ್ದರೂ ಅತ್ತೆ.

ಹಾಲು-ತುಪ್ಪ ಬಿಟ್ಟ ದಿನ ಪಾಲಾಕ್ಷ ತಡೆದುಕೊಳ್ಳಲಾರದೆ ಕೃಷ್ಣಮ್ಮನ ಕಾಲ ಮೇಲೆ ಬಿದ್ದ. ಟೈರು ಕೊಡುತ್ತೀನಿ ಅಂದೆ ಅಕ್ಕಾ, ಅಣ್ಣ ಬೇಡ ಅಂತು ಅಂತ ಗೋಳಾಡಿದ. ಅಲ್ಲಿಯವರೆಗೆ ಆಕೆಗೆ ಅದು ಗೊತ್ತಿರಲಿಲ್ಲ. ಕೃಷ್ಣಮ್ಮ ಎದ್ದು ನಿಂತಳು. ಕೈಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ಗಂಡನ ಮುಂದೆ ಬಂದಳು.

"ಊರೋರ ಮಕ್ಕಳಿಗೆಲ್ಲ ರೂಲ್ಸು ಮಾಡ್ದೆ," ಅಂದಳು. "ನನ್ ಮಗಳು ಊರೋಳಲ್ವಾ?"

ಅದೇ ಕೊನೆ. ಅದರ ಮೇಲೆ ಆಕೆ ಗಂಡನೊಡನೆ ಒಂದು ಮಾತೂ ಆಡಲಿಲ್ಲ.

ತವರಿಗೆ ಹೋಗಲಿಲ್ಲ, ಒಲೆ ಆರಿಸಲಿಲ್ಲ. ಹೊತ್ತು ಹೊತ್ತಿಗೆ ಮುದ್ದೆ ಕಟ್ಟಿ ತಟ್ಟೆ ಇಟ್ಟು, ಲೋಟದಿಂದ ನೆಲ ಕುಟ್ಟಿ ಕರೆಯುತ್ತಿದ್ದಳು. ಅವನಿಗೆ ಜ್ವರ ಬಂದರೆ ಕಷಾಯ ಕಾಯಿಸಿ ತಲೆದೆಸೆಯಲ್ಲಿ ಇಟ್ಟು ಹೋಗುತ್ತಿದ್ದಳು. ಮಾತು ಮಾತ್ರ ಇಲ್ಲ. ಬೀದಿಗೆಲ್ಲ ಕೇಳುತ್ತಿದ್ದ ಆ ಗಂಟಲು ಹಾಗೆ ಬಿದ್ದುಹೋಗಿ ಅಕ್ಕಪಕ್ಕದವರಿಗೂ ಕಿವಿ ಮುಚ್ಚಿದಂತಾಯಿತು.

ಹುಲಿಯಪ್ಪ ಕಾರನ್ನು ಗುಜರಿಗೆ ಹಾಕಿದ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಇದ್ದ ತುಂಡು ಹೊಲ ನೋಡಿಕೊಂಡು, ಒಂದು ಹಸು ಕಟ್ಟಿಕೊಂಡು, ದಿನಾ ಬೆಳಿಗ್ಗೆ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದ. ಸ್ಟ್ಯಾಂಡಿನಲ್ಲಿ ಯಾವ ಕಾರು ಹೊರಟರೂ, ಅದು ಹೊಳೆನರಸೀಪುರಕ್ಕೇ ಹೋಗಲಿ ಚನ್ನರಾಯಪಟ್ಟಣಕ್ಕೇ ಹೋಗಲಿ, ಎದ್ದು ಹೋಗಿ ಟೈರಿನ ಮೇಲೆಲ್ಲ ಅಂಗೈ ಆಡಿಸಿ ನೋಡುತ್ತಿದ್ದ. ಹೊಸ ಹುಡುಗರಿಗೆ ತಮಾಷೆ ಅನ್ನಿಸುತ್ತಿತ್ತು. ಒಬ್ಬ ನಕ್ಕದ್ದಕ್ಕೆ ನಾನು ಅಡಿಕೋಲು ಹಿಡಿದು ಎದ್ದಿದ್ದೇನೆ.

ಒಂದು ದಿನ ಅವನಾಗಿಯೇ ವಿಷಯ ತೆಗೆದ. ವ್ಯಾನಿನಲ್ಲಿ ಮಗಳು ಅಮ್ಮನಿಗೆ ಹೇಳು ಅಂತ ಒಂದು ಮಾತು ಹೇಳಿದ್ದಳಂತೆ. ಅದನ್ನು ಹೇಳಲು ಅವನು ಎರಡು ಮೂರು ಸಲ ಬಾಯಿ ತೆಗೆದಿದ್ದ. ಯಮುನಾಳ ಹೆಸರೆತ್ತಿದ ತಕ್ಷಣ ಕೃಷ್ಣಮ್ಮ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಒಲ್ಲದವಳ ಬೆನ್ನಿಗೆ ಹೇಳುವ ಮಾತಲ್ಲ ಅದು ಅಂದ. ಏನು ಮಾತು ಅಂತ ನಾನು ಕೇಳಿದೆ.

"ಅವಳಮ್ಮಂದು ಅದು, ಈಶ್ವರಣ್ಣ. ಅವ್ಳಿಗಿಂತ ಮುಂಚೆ ನಿಂಗೆಂಗೆ ಏಳ್ಲಿ? ಬೈಕಂಡಾದ್ರೂ ಒಂದಪ ಕೇಳ್ಲಿ. ಏನಾಯ್ತು ಅಂತ ಕೇಳ್ಲಿ. ಅಷ್ಟು ಸಾಕು."

ಅವನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ. ನನಗೆ ತಡೆಯಲಾಗಲಿಲ್ಲ. ಅಂಗಡಿ ಮುಚ್ಚಿ ನೆಟ್ಟಗೆ ಅವನ ಮನೆಗೆ ಹೋಗಿ ಕೃಷ್ಣಮ್ಮನ ಮೇಲೆ ಕೂಗಾಡಿದೆ. ನೀನೇನು ಮನುಷ್ಯಳಾ ಕಲ್ಲಾ, ಅವನೂ ಹೆತ್ತವನಲ್ಲವಾ, ಅವನ ಹತ್ತಿರ ಮಗಳ ಮಾತಿದೆ ಅಂದೆ. ಆಕೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಸಿಟ್ಟೇ ಮಾಡಲಿಲ್ಲ.

"ಬಾಯಿ ತೆಗುದ್ರೆ ಅದೊಂದೇ ಮಾತು ಬತ್ತದೆ, ಈಶ್ವರಣ್ಣ. ಅವತ್ತು ನಾ ಅಂದ್ನಲ್ಲ, ಅದೇಯ. ಅವ್ನಿಗೆ ಅದನ್ನ ದಿನಾ ಅನ್ಲಾ? ಅದಕ್ಕೇ ಸುಮ್ಕಿವ್ನಿ. ಮಗಾ ಏನಂದ್ಲು ಅಂತ ಕೇಳಕ್ಕೂ ನನ್ ಕೈಲಾಗಕಿಲ್ಲ. ಕೇಳ್ಬುಟ್ರೆ ಅವ್ಳು ನಿಜ್ವಾಗ್ಲೂ ಓಗ್ಬುಟ್ಟಂಗೇ ಆಯ್ತದೆ."

ನಾನು ಬೈದು ಬರಬೇಕು ಅಂತ ಹೋದವನು ಆಕೆಯ ಮೊರ ಎತ್ತಿ ಕೈಗೆ ಕೊಟ್ಟು ಬಂದೆ. ಇದನ್ನು ಹುಲಿಯಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿ, ಕೇಳುತ್ತಾಳೆ ಬಿಡು, ಯಾವತ್ತಾದರೂ ಕೇಳುತ್ತಾಳೆ ಅಂದ.

ವರ್ಷಗಳು ಹೋದವು. ಅಂಬಾಸಿಡರುಗಳು ಹೋಗಿ ಸುಮೋ, ಇಂಡಿಕಾ ಬಂದವು, ಹುಡುಗರು ಸಾಲ ಮಾಡಿ ಸ್ಟೆಪ್ನಿ ಸೇರಿ ಐದಕ್ಕೆ ಐದೂ ಹೊಸ ಟೈರಿರುವ ಗಾಡಿಗಳನ್ನೇ ತಂದರು. ಜೋಡಿ ಟೈರು ಯಾರಿಗೂ ಬೇಡವಾಗಿ ನನ್ನ ಟೇಬಲ್ಲಿನ ಕೆಳಗೇ ಒಣಗಿ ಬಿರುಕುಬಿಟ್ಟವು. ಕಡೆಗೆ ಪಾಲಾಕ್ಷ ಬಂದು ಒಯ್ದು ಸುಟ್ಟುಹಾಕಿದ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೆಂಚು ಖಾಲಿ ಇತ್ತು. ಹಾಲು ಕರೆಯಲು ಎದ್ದವನು ಕೊಟ್ಟಿಗೆಯಲ್ಲೇ ಕುಸಿದಿದ್ದನಂತೆ. ನಾನು ಹೋಗುವ ಹೊತ್ತಿಗೆ ಜಗಲಿಯ ಮೇಲೆ ಮಲಗಿಸಿ ಹೂವು ಹಾಕಿದ್ದರು.

ನಮ್ಮ ಕಡೆ ಹೆಂಗಸರು ಸತ್ತವರನ್ನು ಎದುರಿಗೆ ಕೂತವರಂತೆ ಮಾತಾಡಿಸಿ ಅಳುತ್ತಾರೆ. ನುಗ್ಗೇಹಳ್ಳಿಯಿಂದ ಬಂದ ಅವನ ಅಕ್ಕ ಮಾದಮ್ಮ ತಲೆದೆಸೆಯಲ್ಲಿ ಕೂತು, ತಮ್ಮಾ ನೀನು ಅಂಗಿದ್ದೆ, ಇಂಗಿದ್ದೆ ಅಂತ ರಾಗವಾಗಿ ಅಳುತ್ತಿದ್ದಳು. ಒಬ್ಬೊಬ್ಬರೇ ಬಂದು ಅತ್ತರು. ಕೃಷ್ಣಮ್ಮ ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದಳು. ಈಗಲಾದರೂ ಬಾಯಿ ಬಿಡುತ್ತಾಳಾ ಅಂತ ಜನ ಕಾಯುತ್ತಿದ್ದರು. ನನಗೆ ಆ ಜನರ ಮೇಲೂ ಸಿಟ್ಟು, ಆಕೆಯ ಮೇಲೂ ಸಿಟ್ಟು, ಸತ್ತು ಮಲಗಿದ್ದವನ ಮೇಲೂ ಸಿಟ್ಟು.

ಎತ್ತುವ ಹೊತ್ತು ಬಂತು. ಆಗ ಕೃಷ್ಣಮ್ಮ ಎದ್ದು ಬಂದಳು. ಮಾದಮ್ಮ ಸರಿದು ಜಾಗ ಕೊಟ್ಟಳು. ಆಕೆ ರಾಗ ತೆಗೆಯಲಿಲ್ಲ, ಗಂಡನ ಹಣೆಯ ಮೇಲಿನ ಹೂವನ್ನು ಪಕ್ಕಕ್ಕೆ ಸರಿಸಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದಳು.

"ರಾತ್ರಿ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಸುಮ್ಕೆ ಉಂಡ್ಕಂಡು ಎದ್ದೋದೆ," ಅಂದಳು. ಅವನ ಕೈ ಹಿಡಿದುಕೊಂಡಳು. "ಅವತ್ತು ಟೈರ್ ಒಡ್ದಾಗ ಎಷ್ಟ್ ಎದ್ರಿದ್ಯೋ ಏನೋ. ಎಂಗ್ ಒದ್ದಾಡಿದ್ಯೋ. ಒಂದಪಾನೂ ಕೇಳ್ನಿಲ್ಲ ನಾನು. ಈಗ ಕೇಳ್ತಾವ್ನಿ. ಮಗಾ ಏನಂದ್ಲು?"

ಆಕೆ ತಲೆಯೆತ್ತಿ, ಜನರ ನಡುವೆ ಹುಡುಕಿ, ನನ್ನ ಮುಖ ನೋಡಿದಳು. ದಿನಾ ನನ್ನ ಬೆಂಚಿನ ಮೇಲೆ ಕೂರುತ್ತಿದ್ದವನು, ನನಗಾದರೂ ಹೇಳಿರುತ್ತಾನೆ ಅಂತ.

ಅವನು ನನಗೆ ಹೇಳಿರಲಿಲ್ಲ.