ಅಣ್ಣನದು ಬೊಜ್ಜು, ತಂಗಿಯದು ಮೈಕಳೆ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಡಾಕ್ಟರಾಗಿದ್ದೆ. ಅಕ್ಕಿಗೇ ತತ್ವಾರವಿದ್ದ ಆ ದಿನಗಳಲ್ಲಿ ಬೊಜ್ಜಿನ ರೋಗಿಗಳು ಬೆರಳೆಣಿಕೆಯಷ್ಟು. ಅವರಲ್ಲೂ ಹೆಂಗಸರೇ ಹೆಚ್ಚು. ಆದರೆ ದಪ್ಪಗಿನ ಗಂಡಸು ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ಮೊದಲು ಅವನ ಮೂತ್ರ ಪರೀಕ್ಷೆ. ಹೆಂಗಸಾದರೆ, 'ಬಾಣಂತನದ ತುಪ್ಪ ಮೈಗೆ ಹಿಡಿದಿದೆ' ಎಂದು ಸಹೋದ್ಯೋಗಿಗಳು ನಕ್ಕು ಕಳಿಸುತ್ತಿದ್ದರು. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕಮಲ ಎಂಬವಳನ್ನು ಕೂಳೂರು ಹೊಳೆಯ ಆಚೆಯಿಂದ ದೋಣಿ ದಾಟಿಸಿ, ಗಾಡಿಯಲ್ಲಿ ಮಲಗಿಸಿ ತಂದರು. ವಯಸ್ಸು ಮೂವತ್ತರ ಆಸುಪಾಸು, ತೂಕ ನೂರೆಂಬತ್ತು ಪೌಂಡ್. ಕಾಲಿನ ಗಾಯ ಕೊಳೆತಿತ್ತು. ಏದುಸಿರು. ಕರೆದರೆ ಅರೆಗಣ್ಣು ಬಿಡುತ್ತಿದ್ದಳು. ತಾಯಿ ಚೊಂಬಿನಿಂದ ಅವಳ ಬಾಯಿಗೆ ಏನೋ ಹನಿಸುತ್ತಿದ್ದರು.

"ಎಂತ ಅದು?"

"ಬೆಲ್ಲದ ನೀರು ಡಾಕ್ಟ್ರೇ. ತಿಂಗಳಿಂದ ಇವಳಿಗೆ ಬಾಯಾರಿಕೆ. ಕೇಳಿದಾಗೆಲ್ಲ ಕೊಡ್ತೇನೆ."

ದಾರಿಹೋಕನಿಗೂ ಬೆಲ್ಲ, ನೀರು ಕೊಡುವ ಊರು ನಮ್ಮದು. ತಾಯಿ ಮಗಳಿಗೆ ಕೊಡದಿರುತ್ತಾಳೆಯೇ?

ಚೊಂಬು ಕಿತ್ತುಕೊಂಡೆ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಬೆರೆಸಿ ಕುದಿಸಿದೆ. ಸಕ್ಕರೆ ಇದ್ದರೆ ಅದರ ನೀಲಿ ಬಣ್ಣ ಬದಲಾಗುತ್ತದೆ. ಇದು ಇಟ್ಟಿಗೆಯಷ್ಟು ಕೆಂಪಾಯಿತು. ಡಯಾಬಿಟಿಸ್, ಅದೂ ಪ್ರಜ್ಞೆ ತಪ್ಪುವ ಹಂತ. ಇನ್ಸುಲಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಯುದ್ಧದಿಂದಾಗಿ ನಮ್ಮಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಔಷಧದಂಗಡಿಗಳಿಗೆ ಕಳಿಸಿದ ಆಳು ಬರಿಗೈಯಲ್ಲಿ ಬಂದ.

"ಅದು ನನ್ನ ಮಗನ ಹತ್ರ ಉಂಟು," ಎಂದರು ತಾಯಿ.

ಕಮಲಳ ಅಣ್ಣ ಬಾಬು ಹಿಂದಿನ ವರ್ಷ ಜ್ವರಕ್ಕೆಂದು ನಮ್ಮ ಗಂಡಸರ ವಾರ್ಡಿಗೇ ಬಂದಿದ್ದ. ತಂಗಿಯದೇ ಮೈಕಟ್ಟು. ಬೊಜ್ಜು ಕಂಡು ಪರೀಕ್ಷಿಸಿದ್ದರು, ಕಾಯಿಲೆ ಸಿಕ್ಕಿತ್ತು, ಇನ್ಸುಲಿನ್ ಚುಚ್ಚಿಕೊಂಡು ಬದುಕಿಕೊಂಡಿದ್ದ.

ಅವನನ್ನು ಕರೆತರಲು ಗಾಡಿಯನ್ನು ಅಟ್ಟಿದೆವು. ಹೊಳೆಗೆ ಸೇತುವೆಯಿರದ ಕಾಲ, ದೋಣಿ ಕಾಯಲೇಬೇಕು. ಸಲೈನ್ ಏರಿಸುತ್ತಾ ನಾನು ದೇವರನ್ನು ಬೇಡಿದೆ, ಹೊಳೆಯನ್ನು ಬೈದೆ. ಮಧ್ಯಾಹ್ನ ಕಳೆದ ಮೇಲೆ ಬಾಬು ಬಾಟಲಿಯನ್ನು ಎದೆಗವಚಿಕೊಂಡು ಓಡಿ ಬಂದ. "ಪೂರಾ ಕೊಡಿ ಡಾಕ್ಟ್ರೇ, ನನಗೆ ಬೇಡ." ಚುಚ್ಚಿದೆ. ಮತ್ತೆ ಚುಚ್ಚಿದೆ. ಕತ್ತಲಾಗುವ ಮೊದಲೇ ಕಮಲ ತೀರಿಕೊಂಡಳು.

ತಾಯಿ ಅಳಲಿಲ್ಲ. "ಎರಡು ಸಲ ಇವಳನ್ನು ಇದೇ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೆ. ಮಗನಿಗೆ ಕಾಯಿಲೆ ಅಂದ್ರಿ. ಇವಳಿಗೆ, 'ಒಳ್ಳೆ ಮೈ ಉಂಟು ಮಾರಾಯ್ತಿ, ಗಾಯ ಒಣಗ್ತದೆ' ಅಂದ್ರಿ. ಹಾಗೆ ಹೇಳಿದ್ದಕ್ಕೆ ನಾನು ಬೆಲ್ಲ ಕೊಟ್ಟೆ."

ಮರುದಿನದಿಂದ ವಾರ್ಡಿಗೆ ಬಂದ ದಪ್ಪಗಿನ ಹೆಂಗಸರೆಲ್ಲರ ಮೂತ್ರ ಪರೀಕ್ಷಿಸಿದೆ. ಸಹೋದ್ಯೋಗಿಗಳು ನಕ್ಕರು, ನಗಲಿ ಎಂದು ಬಿಟ್ಟೆ. ಹೆಣ್ಣಿನ ಮೈ ಮೆಚ್ಚುವುದು ಮನೆಯವರ ಕೆಲಸ, ಪರೀಕ್ಷಿಸುವುದು ಡಾಕ್ಟರರ ಕೆಲಸ. ವೃತ್ತಿ ನನಗೆ ಕಲಿಸಿದ್ದು ಇಷ್ಟೆ. ಆ ವಾರವೇ ಇನ್ನೊಬ್ಬಳ ಪರೀಕ್ಷೆಯಲ್ಲಿ ನೀಲಿ ಕೆಂಪಾಯಿತು. ಅವಳು ತನ್ನ ಕಾಲ ಮೇಲೆ ನಡೆದು ಬಂದಿದ್ದಳು.